ಜಂಬುಕೋಳಿಯ ಕಾಲಿನ ಬಣ್ಣ

ನಾನು ಶಾಲೆಯ ಚಿತ್ರಕಲಾ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮರುವರ್ಷದ ಮಾತು. ಜಾಲಹಳ್ಳಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಪಿಂಗಾಣಿ ಬಟ್ಟಲುಗಳನ್ನು ಮಾಡಿ, ಅವುಗಳ ಮೇಲೆ ಕೆರೆಯ ಹಕ್ಕಿ, ಹುಲ್ಲು, ತಾವರೆ ಬರೆಯುತ್ತಿದ್ದೆ. ಚಿಕ್ಕಂದಿನಲ್ಲಿ ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ ಹಕ್ಕಿಗಳೇ ಎಲ್ಲ. ಸರ್ಜಾಪುರದ ಒಂದು ಅಪಾರ್ಟ್‌ಮೆಂಟಿನವರು ತಮ್ಮ ಭಾನುವಾರದ ಸಂತೆಯಲ್ಲಿ ನನಗೊಂದು ಮೇಜು ಕೊಟ್ಟಿದ್ದರು. ಅದೇ ನನ್ನ ಮೊದಲ ಪ್ರದರ್ಶನ. ಹನ್ನೆರಡು ಬಟ್ಟಲುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ.

ಮಾರತ್ತಹಳ್ಳಿಯ ಹತ್ತಿರ ಬಸ್ಸು ಗಕ್ಕನೆ ನಿಂತಿತು. ಪೆಟ್ಟಿಗೆ ತೊಡೆಯಿಂದ ಜಾರಿ ಬಿತ್ತು. ಬಿಚ್ಚಿ ನೋಡಿದರೆ ಉಳಿದದ್ದು ಮೂರೇ. ಆರು ತಿಂಗಳ ಕೆಲಸ! ಎಲ್ಲರೆದುರೇ ಅತ್ತುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಚೂರುಗಳನ್ನೆಲ್ಲ ಆಯ್ದು ಪೆಟ್ಟಿಗೆಗೆ ಹಾಕಿದರು. ಉಳಿದ ಬಟ್ಟಲೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಜಂಬುಕೋಳಿ ಅಲ್ವಾ?" ಎಂದರು.

ಹೌದೆಂದೆ.

"ಕಾಲಿಗೆ ಅರಿಸಿನ ಬಣ್ಣ ಬಳ್ದಿದೀಯಲ್ಲ ತಾಯಿ? ಕೆಂಪಗಿರ್ತವೆ. ನಾವು ಕೆರೇಲಿ ಜಂಬು ಹುಲ್ಲು ಕುಯ್ಯೋವಾಗ ಕಾಲ್ ಹತ್ರಾನೇ ಓಡಾಡ್ತಿದ್ವು."

ಅಳುವಿನ ನಡುವೆಯೂ ನಗು ಬಂತು. "ನಾನು ವಾಪಸ್ ಹೋಗ್ತೀನಮ್ಮ" ಎಂದೆ.

"ಅಂಗೆಲ್ಲ ಓಗ್ಬಾರ್ದು. ಮೂರು ಅವೆಯಲ್ಲ, ಮೂರೇ ಇಡು. ನಡಿ, ನಾನೂ ಬತ್ತೀನಿ."

ತಾವು ಇಳಿಯಬೇಕಾದ ಸ್ಟಾಪ್ ಬಿಟ್ಟು ನನ್ನ ಜೊತೆ ಸರ್ಜಾಪುರದವರೆಗೂ ಬಂದರು. ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಬಟ್ಟಲು ನೋಡಲು ನಿಂತವರಿಗೆಲ್ಲ ತಮ್ಮೂರ ಕೆರೆಯಲ್ಲಿ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತಿತ್ತು, ಯಾವುದು ಹೇಗೆ ಕೂಗುತ್ತಿತ್ತು ಎಂದು ಹೇಳತೊಡಗಿದರು. ಕೂಗಿಯೂ ತೋರಿಸಿದರು. ಮಕ್ಕಳು ನೆಲದ ಮೇಲೇ ಕೂತುಬಿಟ್ಟರು.

"ಅಜ್ಜಿ, ಆ ಕೆರೆ ಎಲ್ಲಿದೆ?" ಎಂದು ಒಬ್ಬ ಹುಡುಗಿ ಕೇಳಿದಳು.

"ಈಗೆಲ್ಲೈತೆ ಮಗ? ಜಂಬು ಬೆಳೀತಿದ್ದ ಕಡೆಯೆಲ್ಲ ಬಾಡಿಗೆ ಪಿ.ಜಿ. ಬಿಲ್ಡಿಂಗ್ ಅವೆ. ಅದ್ರಾಗೆ ಒಂದು ನಮ್ದೇ" ಎಂದರು.

ಮೂರೂ ಬಟ್ಟಲು ಮಾರಾಟವಾದವು. ಸಂಜೆ ಅವರನ್ನು ಬಸ್ಸು ಹತ್ತಿಸುವಾಗ ನನ್ನ ಕೈ ಹಿಡಿದು, "ಈ ಮಾತೆಲ್ಲ ಆಡಿ ಎಷ್ಟು ವರ್ಷ ಆಗಿತ್ತೋ ಕಣಮ್ಮ. ಮನೇಲಿ ಯಾರೂ ಕೇಳಲ್ಲ" ಎಂದರು.

ಅಷ್ಟೆಲ್ಲ ಒಡೆದುಹೋದ ದಿನವದು. ಆದರೂ ನೆನಪಾದಾಗಲೆಲ್ಲ, ಅವರ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿರಬೇಕಿತ್ತು ಅನ್ನಿಸುತ್ತದೆ.