ಭೀಮಾ ಹೊಳೆಯಲ್ಲಿ ಮಿಂದ ಲಾರಿ

ಮೊನ್ನೆ ನಮ್ಮ ಗೇಟಿನ ಬಿಜಾಗರಿ ತುಕ್ಕು ಹಿಡಿದು ಕೂತಿತ್ತು. ರಿಪೇರಿಯವನು ಬಂದು ಅದಕ್ಕಿಷ್ಟು ಚಿಮಣಿ ಎಣ್ಣೆ ಸುರುವಿ ಸುತ್ತಿಗೆಯಿಂದ ಒಂದೇಟು ಕೊಟ್ಟ. ತುಕ್ಕು ಮತ್ತು ಚಿಮಣಿ ಎಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ಬೆವೆತೆ. ನಿಮಗೆ ನಗು ಬರಬಹುದು. ಎಪ್ಪತ್ತು ದಾಟಿದ ಮನುಷ್ಯ ಬಿಜಾಗರಿಗೆ ಅಂಜುವುದೆಂದರೇನು?

ಎಪ್ಪತ್ತರ ದಶಕದ ಮಾತು. ನಾನಾಗ ಬಿ.ಎ. ಮುಗಿಸಿ, ನೌಕರಿ ಸಿಗುವವರೆಗೆ ಎಂದು ಆಲಮೇಲದ ಸೋದರಮಾವನ ಮನೆಯಲ್ಲಿ ಉಳಿದಿದ್ದೆ. ಮಾವನಿಗೆ ಒಂದು ಲಾರಿ, ಅದಕ್ಕೊಬ್ಬ ಡ್ರೈವರ್ ಹುಸೇನಸಾಬ, ಮತ್ತು ಒಬ್ಬಳೇ ಮಗಳು. ಮಗಳನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಲಾರಿಯ ಉಸ್ತುವಾರಿಯೂ ನನ್ನದೇ. ಲಾರಿಗೆ ಮುಂದೊಂದು ಮುಖವಿರುತ್ತದೆ ಎಂಬುದರಾಚೆ ಆ ವಿಷಯದಲ್ಲಿ ನನ್ನ ಪಾಂಡಿತ್ಯ ಹೋಗಿರಲಿಲ್ಲ.

ಮಾವನ ರಾಜ್ಯಭಾರದಲ್ಲಿ ಕಾಯಿದೆ ಒಂದೇ: “ಗಾಡಿ ಹೊಳಿಗೆ ಇಳಿಸಿದಾಂವ ನನ್ನ ಅಂಗಳಾ ತುಳಿಬಾರದು.” ಹಿಂದೊಂದು ಲಾರಿ ಹಾಗೇ ಕೆಟ್ಟಿತ್ತಂತೆ.

ಕಾರಹುಣ್ಣಿಮೆಗೆ ಮಾವ ಊರಲ್ಲಿರಲಿಲ್ಲ. ದೇವಣಗಾಂವದ ಹತ್ತಿರ ಹೊಳೆಯಲ್ಲಿ ಜನ ಎತ್ತುಗಳ ಮೈ ತೊಳೆಯುತ್ತಿದ್ದರು. ನಾನು ಕ್ಯಾಬಿನ್ನಿನಲ್ಲಿ ಕೂತು ಗಹನವಾಗಿ ಚಿಂತಿಸಿದೆ. ವರ್ಷವೆಲ್ಲ ಹೇರು ಹೊರುವ ಈ ಜೀವಕ್ಕೆ ಮಾತ್ರ ಜಳಕ ಬೇಡವೆಂದರೆ ಅದು ಯಾವ ನ್ಯಾಯ?

“ಹುಸೇನಣ್ಣ, ನೀರಿಗೆ ಇಳಸು.”

“ಬ್ಯಾಡ್ರಿ ಸಣ್ಣ ಸಾವ್ಕಾರ್ರ. ಎತ್ತು ಕುಡದ ನೀರು ಹೊರಗ ಬಿಡತೈತಿ. ಗಾಡಿ ಕುಡದ್ರ ಹೊಟ್ಟ್ಯಾಗ ಇಟಗೋತೈತಿ.”

“ನಾ ಇದ್ದೇನಲ್ಲ, ಯಾಕ ಅಂಜತಿ!” ಅಂದೆ. ಈ ಮಾತನ್ನು ನಾನು ಆಮೇಲೂ ಹಲವರಿಗೆ ಹೇಳಿದ್ದೇನೆ. ಅದರಿಂದ ಯಾರಿಗೂ ಒಳ್ಳೆಯದಾದ ನೆನಪಿಲ್ಲ.

ಗಾಲಿ ಮುಳುಗುವಷ್ಟು ನೀರಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿ ತಿಕ್ಕಿದೆವು. ಹಾರ ಹಾಕಿದೆವು. ಮುಂದೆ ಮಳೆ ಹಿಡಿಯಿತು, ಬಾಡಿಗೆ ಬರಲಿಲ್ಲ, ಲಾರಿ ಎರಡು ತಿಂಗಳು ನಿಂತಲ್ಲೇ ನಿಂತಿತು. ಮತ್ತೆ ಹೊರಟ ದಿನ ಝಳಕಿಯ ಹತ್ತಿರ ಮುಂದಿನ ಎಡಗಾಲಿ ಕಿರುಚಿ, ಹೊಗೆಯಾಡಿ, ಕಚ್ಚಿಕೊಂಡು ನಿಂತಿತು. ರಸ್ತೆಬದಿಯಲ್ಲೇ ಈರಪ್ಪ ಮಿಸ್ತ್ರಿಯ ತಗಡಿನ ಶೆಡ್ಡಿತ್ತು. ಸುದ್ದಿ ತಿಳಿದ ಮಾವ, ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಹೇಳಿಕಳಿಸಿದರು.

ಈರಪ್ಪ ಜ್ಯಾಕ್ ಕೊಟ್ಟು ಎತ್ತಿ, ಗಾಲಿ ಕಳಚಿ, ನಡುವಿನ ನಟ್ಟು ತೆಗೆದ. ಇನ್ನು ಗಾಲಿಯನ್ನು ಹೊತ್ತು ತಿರುಗುವ ಆ ಕಬ್ಬಿಣದ ಹಬ್ಬು ಎಳೆದರೆ ಬರಬೇಕು. ಬರಲಿಲ್ಲ. ಹಬ್ಬನ್ನು ಕಚ್ಚಿ ಎಳೆಯುವ ಮೂರು ಕಾಲಿನ ಪುಲ್ಲರ್ ಹಾಕಿ ತಿರುವಿದ. ಪುಲ್ಲರಿನದೇ ಒಂದು ಕಾಲು ಸೊಟ್ಟಾಯಿತು. ಕಾಯಿಸಿದ, ಆರಿದ ಮೇಲೆ ಚಿಮಣಿ ಎಣ್ಣೆ ಕುಡಿಸಿದ, ಸುತ್ತಲೂ ಸುತ್ತಿಗೆಯಿಂದ ತಟ್ಟತೊಡಗಿದ.

“ಒಂದ ಕಡಿ ಬಡದ್ರ ಬರೂದಿಲ್ರಿ. ಹೆಣ್ಣ ಕೇಳಾಕ ಹೋದಂಗ, ನಾಕೂ ಕಡಿಂದ ಮಾತಾಡಸ್ಬೇಕು.”

ಅಲ್ಲಿದ್ದವರೆಲ್ಲ ಹಬ್ಬು ಬರಲಿ ಎಂದು ಕಾಯುತ್ತಿದ್ದರು. ಜನ್ಮದಲ್ಲಿ ಬಾರದಿರಲಿ ಎಂದು ಬೇಡುತ್ತಿದ್ದವನು ನಾನೊಬ್ಬನೇ. ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಅಂಗಳ ತುಳಿಯದೆ ಆ ಮನೆಯ ಮಗಳನ್ನು ಮದುವೆಯಾಗುವ ಉಪಾಯ ಮಾತ್ರ ಗೊತ್ತಿರಲಿಲ್ಲ.

ಮಾವ ಬಸ್ಸಿಳಿದು ಬಂದು ನಿಂತರು. ಅವರಿಗಾಗಿಯೇ ಕಾದಿತ್ತೆಂಬಂತೆ ಹಬ್ಬು ಢಂ ಎಂದು ಕಳಚಿ ಬಂತು. ಒಳಗೆ ಗ್ರೀಸ್ ಇರಬೇಕಾದಲ್ಲಿ ಕೆಂಪು ರಾಡಿ. ಬೇರಿಂಗಿನ ಒಂದು ಬಳೆ ಅಚ್ಚಿಗೇ ಕಚ್ಚಿ ಉಳಿದಿತ್ತು. ಈರಪ್ಪ ಅದಕ್ಕೆ ಉಳಿ ಕೊಟ್ಟು ಬಡಿಯತೊಡಗಿದ.

ಮಾವ ರಾಡಿಯನ್ನು ಬೆರಳ ನಡುವೆ ತಿಕ್ಕಿ ನೋಡಿದರು. “ಇದು ಹೊಳಿ ಉಸುಕು. ಯಾರು ಇಳಿಸಿದ್ರು?”

ಹುಸೇನಸಾಬ ನನ್ನ ಕಡೆ ನೋಡಿದ. ಒಂದು ಬೀಡಿ ಹಚ್ಚುವಷ್ಟು ಹೊತ್ತು. ಆಮೇಲೆ “ನಾನ್ರಿ” ಅಂದ.

ಕೇಳಿ, ನಾನೂ ಬಾಯಿ ತೆರೆದೆ. “ಅಲ್ರಿ ಮಾವಾ, ನಾನು” ಅಂದೆ. ಅದೇ ಕ್ಷಣಕ್ಕೆ ಸುತ್ತಿಗೆ ಬಿತ್ತು.

“ಏನಂದಿ?” ಮಾವ ಕೇಳಿದರು.

“ಏನಿಲ್ರಿ. ಬಿಸಲಾಗ ನಿಂತೀರಿ ಅಂದೆ.”

ಹುಸೇನಸಾಬ ಚಾವಿಯನ್ನು ಮಾವನ ಕೈಗಿಟ್ಟು, ಟಾವೆಲ್ಲು ಹೆಗಲಿಗೆ ಹಾಕಿಕೊಂಡು, ಇಂಡಿ ಊರಿನ ದಾರಿ ಹಿಡಿದು ನಡೆದ. ನನ್ನ ಮದುವೆ ಸಾಂಗವಾಗಿ ಆಯಿತು. ನಾನಂತೂ ಹೇಳಿದ್ದೆ, ಅವರಿಗೆ ಕೇಳಿಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ವಕೀಲನಾಗಿದ್ದೇನೆ. ಮಾವ ತೀರಿಹೋಗಿಯೂ ಬಹಳ ವರ್ಷವಾಯಿತು.

ಮೊನ್ನೆ ಬಿಜಾಗರಿಯವನು ಹೋದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳ ಕೈ ನಿಂತಿತು. ಬೈದಿದ್ದರೆ ಹಗುರಾಗುತ್ತಿತ್ತು.

“ಹುಸೇನಣ್ಣಗ ಆಮ್ಯಾಗ ಏನಾತು?”

“ಮುದ್ದೇಬಿಹಾಳದಾಗ ಯಾರದೋ ಟ್ರ್ಯಾಕ್ಟರ್ ಹೊಡೀತಿದ್ದ ಅಂತ ಕೇಳಿದ್ದೆ. ಅಲ್ಲೇ ತೀರಿಕೊಂಡ.”

“ನೀವು ಹೋಗಿ ನೋಡಲಿಲ್ಲ?”

ನಾನು ಗೇಟಿನ ಹತ್ತಿರ ಹೋಗಿ ಬಿಜಾಗರಿಯನ್ನು ಆಡಿಸಿ ನೋಡಿದೆ. ಹೆಂಡತಿ ಬೆನ್ನ ಹಿಂದಿನಿಂದ ಹೇಳಿದಳು:

“ಅವನ ಮಗ ಬಾಗೇವಾಡ್ಯಾಗ ಅದಾನ. ಒಂದು ಲಗ್ನದಾಗ ಸಿಕ್ಕಿದ್ದ. ‘ನಮ್ಮಪ್ಪ ನಿಮ್ಮ ಲಾರಿ ಮುಳಗಿಸಿದಾಂವರಿ’ ಅಂತ ತಲಿ ತಗ್ಗಿಸಿ ಮಾತಾಡಿದ. ನಾ ಮನ್ಯಾಗಿನ ಮಗಳು, ಹೌದೌದು ಅಂದು ನಕ್ಕೆ.” ಜೋಳದ ಮೊರ ಬದಿಗಿಟ್ಟು, “ಹೋಗೂಣು. ಹೇಳಾವ್ರು ನೀವು,” ಅಂದಳು.

ಈ ಸಾಲುಗಳನ್ನು ಬಾಗೇವಾಡಿಯ ಬಸ್ಸಿನಲ್ಲಿ ಕೂತು ಗೀಚುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅದು ರಸ್ತೆಯ ತಪ್ಪು. ಆತನಿಗೆ ಏನು ಹೇಳುವಿರೆಂದು ಹೆಂಡತಿ ಕೇಳಿದಳು. ಮೆಲ್ಲಗೆ ಹೇಳಿದೆ. “ಇಂಜಿನ್ ಸಪ್ಪಳದಾಗ ಕೇಳಲಿಲ್ಲ,” ಅಂದಳು.

“ಲಾರಿ ನೀರಿಗೆ ಇಳಿಸಿದಾಂವ ನಾನು,” ಅಂದೆ.

ಮುಂದಿನ ಸೀಟಿನವರೆಲ್ಲ ಹೊರಳಿ ನೋಡಿದರು.