ಹದ್ದಿನ ಹಿಂದಿದ್ದ ಹಡಗು

ಅರ್ಗಾದ ದಂಡೆಯಲ್ಲಿ ಮೀನಿಗೆ ಹೊಂಚುತ್ತಿದ್ದ ಕಡಲಹದ್ದಿನ ಹಿಂದೆಯೇ ಕ್ಯಾಮೆರಾ ತಿರುಗಿಸುತ್ತಿದ್ದ ನನಗೆ, ಹದ್ದು ಫೋಟೋ ತೆಗೆಯಬಾರದ ನೌಕಾನೆಲೆಯ ಕಡೆ ಹೊರಳಿದ್ದು ಗೊತ್ತೇ ಆಗಲಿಲ್ಲ. ಹದ್ದು ಎರಗಿ ಮೀನೆತ್ತಿತು, ನಾನು ಕ್ಲಿಕ್ಕಿಸಿದೆ. ಬೆನ್ನ ಹಿಂದೆ ಬೂಟಿನ ಸದ್ದಾಯಿತು.

"ಎಂತಾ ತೆಗೀತಾ ಇದ್ರಿ, ಅಕ್ಕೋರೇ?" ಬಂದೂಕು ಹಿಡಿದ ಕಾವಲಿನವನು.

"ಹದ್ದು," ಎಂದೆ. ಕ್ಯಾಮೆರಾವನ್ನು ಅವನತ್ತ ತಿರುಗಿಸಿ ತೋರಿಸಿದೆ. ಪರದೆಯಲ್ಲಿ ಹದ್ದು, ಉಗುರಲ್ಲಿ ಒದ್ದಾಡುವ ಬಂಗಡೆ, ಹಿಂದೆ ನಿಚ್ಚಳವಾಗಿ ಯುದ್ಧದ ಹಡಗು. ಠಾಣೆ, ವಿಚಾರಣೆ, ಹಬ್ಬುವಾಡದ ನೆರೆಯವರ ಬಾಯಿ ಎಲ್ಲ ಒಟ್ಟಿಗೇ ನೆನಪಾಯಿತು.

ಅವನು ಬಹಳ ಹೊತ್ತು ನೋಡಿದ. "ಮೀನಿನ ಕಣ್ಣೂ ಕಾಣ್ತದಲ್ರಾ! ಭಾರೀ ಚಲೋ ಬಂದದೆ. ಈಗ ಅಳಿಸ್ಬಿಡಿ."

ಅಳಿಸಿದೆ. ಅವನು ಬಿಟ್ಟುಕಳಿಸಿದ.

ಇಷ್ಟು ವರ್ಷದಲ್ಲಿ ನಾನು ತೆಗೆದ ಒಂದೇ ಒಳ್ಳೆಯ ಚಿತ್ರ ಅದು. ನೋಡಿದವನೂ, ಹೊಗಳಿದವನೂ ಅವನೊಬ್ಬನೇ.