ಬೀರುವಿನ ಹಿಂದಿನ ಬಾಗಿಲು

ಹದಿನಾಲ್ಕನೇ ಮಹಡಿಯ ದರ್ಜಿಯಮ್ಮನ ಮನೆಗೆ ಎರಡು ಬಾಗಿಲು. ಅದರಲ್ಲಿ ಒಂದು ಶುದ್ಧ ಸುಳ್ಳು. ಕಟ್ಟಡ ಹೋಟೆಲಾಗಿದ್ದಾಗ ಅಲ್ಲಿ ಎರಡು ಕೋಣೆಗಳಿದ್ದವು. ನಡುವಿನ ಗೋಡೆ ಒಡೆದು ಒಂದೇ ಮನೆ ಮಾಡಿದ ಪುಣ್ಯಾತ್ಮರು, ಲಿಫ್ಟಿನ ಕಡೆಯ ಬಾಗಿಲಿಗೆ ಒಳಗಿನಿಂದ ಹಲಗೆ ಹೊಡೆದು ಬಟ್ಟೆಬೀರು ಕೂರಿಸಿದರು. ಹೊರಗೆ ಮಾತ್ರ ಅದು ಹಿಡಿಕೆ ಸಮೇತ ಹಾಗೇ ಉಳಿಯಿತು. ಬಂದವರೆಲ್ಲ ಮೊದಲು ಸಿಕ್ಕ ಅದನ್ನೇ ಬಡಿಯುತ್ತಾರೆ. ಬೀರುವಿನ ತುಂಬ ತೂಗುವ ಕೋಟುಗಳು ಸದ್ದನ್ನು ನುಂಗಿಹಾಕುತ್ತವೆ. ಮನೆಯಲ್ಲಿ ಯಾರೂ ಇಲ್ಲವೆಂದು ಗಿರಾಕಿಗಳು ವಾಪಸು.

"ಪಕ್ಕದ ಬಾಗಿಲು ಬಡೀರಿ ಅಂತ ಕಾಗದ ಅಂಟಿಸಿದ್ರೆ ಕಿತ್ತುಹಾಕ್ತೀರಿ, ಗಂಟೆ ಹಾಕಿಸೋಕೂ ಬಿಡಲ್ಲ!" ಎಂದು ಅವಳು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮೇಲೆ ಹರಿಹಾಯ್ದಳು.

"ನೋಡೀಮ್ಮಾ, ಹೊರಗಡೆ ಎಲ್ಲಾ ಮೊದಲಿದ್ದ ಹಾಗೇ ಇರ್ಬೇಕು. ಈ ಕಟ್ಟಡ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ."

"ನನ್ನ ನೋಡೋಕೂ ಜನ ಬರ್ತಾರೆ ಸಾರ್!"

ಆತ ಕನ್ನಡಕ ಒರೆಸಿಕೊಂಡ. ಗೋಡೆಗೆ ಹೇಳಿದ್ದರೂ ಒಂದೇ.

ಅಂಥದ್ದರಲ್ಲಿ ಅಕ್ಕನ ಫೋನ್ ಬಂತು. ಅಮ್ಮ ತೀರಿಕೊಂಡ ಮೇಲೆ ಅವಳ ಹೊಲಿಗೆ ಮಿಷನ್ ಯಾರಿಗೆಂದು ಅಕ್ಕತಂಗಿಯರು ಕಿತ್ತಾಡಿ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಮಿಷನ್ ಇವಳ ಮನೆಗೆ ಬಂತು, ಅಕ್ಕ ಬರುವುದು ನಿಂತಿತು. ಆಮೇಲೆ ಇವಳು ಸೇರಿದ ಈ ಮನೆಯ ವಿಳಾಸವಷ್ಟೇ ಅಕ್ಕನಿಗೆ ಗೊತ್ತು, ಬಂದು ನೋಡಿರಲಿಲ್ಲ. ಈಗ "ಭಾನುವಾರ ಬರ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟಳು. ಕಂಡಕಂಡವರಿಗೆಲ್ಲ ಎರಡನೇ ಬಾಗಿಲು, ಎರಡನೇ ಬಾಗಿಲು ಎಂದು ಸಾರುತ್ತಿದ್ದವಳು, ಖುಷಿಯಲ್ಲಿ ಅಕ್ಕನಿಗೆ ಹೇಳುವುದನ್ನೇ ಮರೆತಳು.

ಭಾನುವಾರವಿಡೀ ಅಕ್ಕನಿಗೆಂದು ನೀಲಿ ಕೋಟು ಹೊಲಿಯುತ್ತ ಕಾದಳು. ಅಕ್ಕನ ಸುಳಿವಿಲ್ಲ. ಸಂಜೆ ತಡೆಯಲಾರದೆ ತಾನೇ ಫೋನ್ ಮಾಡಿದಳು.

"ಬಂದಿದ್ದೆ ಕಣೇ. ಕೈ ನೋಯೋವರೆಗೂ ಬಡಿದೆ. ಕಿವಿ ಇಟ್ಟು ಕೇಳಿದ್ರೆ ಒಳಗೆ ಅಮ್ಮನ ಮಿಷನ್ ಓಡ್ತಾ ಇತ್ತು. ನಿಲ್ಲಿಸಲೇ ಇಲ್ವಲ್ಲೇ ನೀನು!"

"ಅಯ್ಯೋ ಅಕ್ಕಾ, ಅದು ಬಾಗಿಲೇ ಅಲ್ಲ!"

"ಹಿಡಿಕೆ ಇದೆ, ಬಾಗಿಲಲ್ವಂತೆ. ಸುಳ್ಳಿಗೂ ಒಂದು ಮಿತಿ ಬೇಡ್ವಾ?"

ಫೋನ್ ಕಟ್ಟಾಯಿತು. ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿಬಂದವು. ಸ್ಕ್ರೂಡ್ರೈವರ್ ಹಿಡಿದು ಹೊರಬಂದವಳು ಆ ಹಿತ್ತಾಳೆ ಹಿಡಿಕೆಯನ್ನು ಬಿಚ್ಚತೊಡಗಿದಳು. ಕಾರ್ಯದರ್ಶಿ ಓಡಿಬಂದು, "ಅದನ್ನ ಯಾರೂ ಮುಟ್ಟೋ ಹಾಗಿಲ್ಲ!" ಎಂದು ಬೊಬ್ಬೆ ಹೊಡೆದ.

"ನಮ್ಮಕ್ಕ ಮುಟ್ಟಿ ಹೋಗಿದ್ದಾಳೆ," ಎಂದವಳೇ ಒಳಗೆ ಹೋಗಿ, ಕಿತ್ತ ಹಿಡಿಕೆಯನ್ನು ನೀಲಿ ಕೋಟಿನ ಜೇಬಿಗೆ ತುರುಕಿ, ಕೋಟನ್ನು ತೋಳಿಗೆ ಹಾಕಿಕೊಂಡು ಲಿಫ್ಟ್ ಹತ್ತಿ ಕೆಳಗಿಳಿದು ಅಕ್ಕನ ಮನೆಗೆ ಹೊರಟಳು.

ಅಕ್ಕನ ಮನೆಯೊಳಗೆ ಟೀವಿ ಜೋರಾಗಿ ಕೇಳುತ್ತಿತ್ತು. ಬಾಗಿಲು ಬಡಿದು, "ಅಕ್ಕಾ, ನಾನು," ಎಂದಳು.

ಟೀವಿ ನಿಂತಿತು. ಬಾಗಿಲು ತೆರೆಯಲಿಲ್ಲ. ಅವಳು ಕೋಟಿನ ಜೇಬಿನಿಂದ ಹಿಡಿಕೆ ತೆಗೆದು, ಅದರಿಂದಲೇ ಮತ್ತೆ ಬಡಿಯತೊಡಗಿದಳು.